ಘಾಟಿ ಹತ್ತಿದ ಮೂಗಿಲ್ಲದ ಲಾರಿ

ಘಾಟಿಯ ಬುಡದಲ್ಲಿ ಮನೆ ಇದ್ದವರು ನಗಲಿಕ್ಕೆಂದು ಎಲ್ಲಿಗೂ ಹೋಗಬೇಕಾಗಿಲ್ಲ, ನಗೆಯೇ ಲಾರಿ ಹತ್ತಿ ಬಾಗಿಲಿಗೆ ಬರುತ್ತದೆ. ಬೆಳಗ್ಗೆ ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ಕಕ್ಕಿಂಜೆಯ ನಮ್ಮ ಜಗಲಿಯಲ್ಲಿ ಕೂತರೆ ಮಂಜಿನಲ್ಲಿ ರಸ್ತೆಯೇ ಕಾಣುವುದಿಲ್ಲ. ಎಲ್ಲೋ ಒಂದು ಲಾರಿ ಏದುಸಿರು ಬಿಡುವುದು ಮಾತ್ರ ಕೇಳುತ್ತದೆ, ಮೋಡವೇ ಬೆಟ್ಟ ಹತ್ತುತ್ತಿರುವ ಹಾಗೆ.

ಕಳೆದ ಚಳಿಗಾಲದಲ್ಲಿ ಅಂಥದೇ ಒಂದು ಬೆಳಗ್ಗೆ ಲಾರಿ ಮಾಡುವ ಕಂಪನಿಯವರು ಹೊಸ ಡೀಸೆಲ್ ಲಾರಿ ತಂದರು, ಚಾರ್ಮಾಡಿ ಘಾಟಿ ಹತ್ತಿಸಿ ಪರೀಕ್ಷೆ ಮಾಡಲಿಕ್ಕೆ. ಓಡಿಸುವುದು ನಮ್ಮವರು, ಎಂದರೆ ನನ್ನ ಗಂಡ, ಬೆಳ್ತಂಗಡಿಯ ಧಣಿಗಳ ಹಳೇ ಪೆಟ್ರೋಲ್ ಲಾರಿಯ ಡ್ರೈವರ್. ಧಣಿಗಳು ಮೊದಲೇ ಹೇಳಿದ್ದರು: "ಇದು ಪೂರಾ ಲೋಡಿನಲ್ಲಿ ಹತ್ತಿದರೆ ಒಂದು ತೆಗೆದುಕೊಳ್ಳುವ, ನೀನೇ ಓಡಿಸು. ಹತ್ತದಿದ್ದರೆ ಹಳೇದನ್ನೂ ಮಾರಿ ಲಾರಿಯ ಸಹವಾಸವೇ ಬಿಡುವ." ಅಂತೂ ನಮ್ಮ ಮನೆಯ ಅನ್ನ ಆ ಇಂಜಿನ್ನಿನ ಮೇಲೆ ಬೇಯುತ್ತಿತ್ತು.

ಮೂಗು

ಅಲ್ಲಿಯವರೆಗೆ ನಾವು ನೋಡಿದ ಲಾರಿಗಳಿಗೆಲ್ಲ ಮುಂದೆ ಉದ್ದದ ಮೂಗಿತ್ತು. ನಮ್ಮವರು ಅದರ ಮೇಲೆ ಒಂದು ದಾಸವಾಳ ಇಟ್ಟು, ಮುಟ್ಟಿ ನಮಸ್ಕಾರ ಮಾಡಿಯೇ ಹೊರಡುವುದು. ಹೊಸ ಲಾರಿಯ ಮುಖ ಬಾಗಿಲಿನ ಹಾಗೆ ಚಪ್ಪಟೆ. ಎಲ್ಲಿ ಇಟ್ಟರೂ ಹೂವು ಜಾರಿ ಕೆಳಗೆ ಬೀಳುತ್ತಿತ್ತು.

"ಮೂಗು ಎಲ್ಲಿ ಸ್ವಾಮಿ?" ಎಂದು ಇವರು ಕಂಪನಿಯ ಇಂಜಿನಿಯರನ್ನು ಕೇಳಿದರು. ಅವನು ಮೈಸೂರಿನ ಕಡೆಯ ಹುಡುಗ.

"ಇಂಜಿನ್ನು ಒಳಗೇ ಇದೆ, ನಿಮ್ಮ ಸೀಟಿನ ಪಕ್ಕ. ಮುಂದೆ ಇದ್ರೆ ತಿರುವಿನಲ್ಲಿ ರಸ್ತೆ ಕಾಣಲ್ಲ, ಅದಕ್ಕೇ ಈ ಮಾಡೆಲ್‌ನಲ್ಲಿ ತೆಗೆದುಬಿಟ್ಟಿದ್ದೀವಿ."

ನಮ್ಮ ಅತ್ತೆ ಬಾವಿಕಟ್ಟೆಯಿಂದಲೇ ಹೇಳಿದರು: "ಕಣ್ಣಿಗೆ ಅಡ್ಡ ಬರ್ತದೆ ಅಂತ ಯಾರಾದರೂ ಮೂಗು ಕೊಯ್ದುಕೊಳ್ತಾರಾ ಮಾರಾಯ್ರೆ?"

ಕಂಪ್ಲೇಂಟು

ದಿನಾ ಸಂಜೆ ಇಂಜಿನಿಯರು ನಮ್ಮವರನ್ನು ಕೇಳುವನು, "ಏನು ತೊಂದರೆ ಇದೆ, ಹೇಳಿ."

"ಒಳ್ಳೇದುಂಟು."

"ಕ್ಲಚ್ಚು?"

"ಒಳ್ಳೇದುಂಟು ಸ್ವಾಮಿ."

ದೂರದಿಂದ ಬಂದವರ ವಸ್ತುವನ್ನು ಅವರ ಎದುರೇ ಹಳಿಯುವುದು ಹೇಗೆ ಎಂದು ಇವರ ಮರ್ಯಾದೆ. ಊಟಕ್ಕೆ ಕೂತರೆ ಮಾತ್ರ ದೂರೆಲ್ಲ ನನ್ನ ಹತ್ತಿರ. ಕೇಳಿ ಕೇಳಿ ಸಾಕಾಗಿ, ಒಂದು ದಿನ ಕಾಫಿ ಕೊಡುವಾಗ ನಾನೇ ಹೇಳಿಬಿಟ್ಟೆ: "ಕ್ಲಚ್ಚು ಕಲ್ಲಿನ ಹಾಗೆ ಗಟ್ಟಿ. ಇಂಜಿನ್ನಿನ ಬಿಸಿಗೆ ಎಡಗಾಲು ಬೇಯ್ತದೆ. ಇಳಿಯುವಾಗ ಎರಡನೇ ಗೇರು ತಾನಾಗಿ ಹಾರ್ತದೆ."

ಅವನು ಕಾಫಿ ಬಿಟ್ಟು ಬರೆದುಕೊಂಡ. "ಇನ್ನೇನಮ್ಮ?"

"ನಾನು ಕರೆದರೆ ಇವರಿಗೆ ಕೇಳಿಸುವುದೇ ಇಲ್ಲ."

"ಇಂಜಿನ್ ಶಬ್ದಕ್ಕಿರಬೇಕು. ಯಾವಾಗಿನಿಂದ?"

"ಮದುವೆಯಾದ ದಿನದಿಂದ."

ಲೋಡು

ಪರೀಕ್ಷೆಯ ಲೋಡು ಎಂದರೆ ಹೊಳೆಯ ಮರಳು, ಧಣಿಗಳು ನೋಡುವ ದಿನ ಪೂರಾ, ಅಲ್ಲಿಯವರೆಗೆ ಅರ್ಧ. ಬೆಳಗ್ಗೆ ಮರಳು ತುಂಬಿ ಮಂಜಿನೊಳಗೆ ಹೋಗುವುದು, ಮಧ್ಯಾಹ್ನ ಅದೇ ಮರಳು ಹೊತ್ತು ಬಿಸಿಲಿನಲ್ಲಿ ಇಳಿಯುವುದು. ಜಗಲಿಯಿಂದ ನೋಡುತ್ತಿದ್ದರೆ ನನಗೆ ಯಾವುದೋ ಕನಸನ್ನು ಮತ್ತೆ ಮತ್ತೆ ಕಂಡ ಹಾಗೆ. ಅತ್ತೆಗೆ ಮಾತ್ರ ಸಂಕಟ: "ಪಾಪ, ಇವತ್ತೂ ಮಾರಾಟ ಆಗಲಿಲ್ಲ."

ಒಂದು ದಿನ ಲಾರಿಯ ಅಡಿಭಾಗ ನೋಡಬೇಕೆಂದು ಮರಳನ್ನು ರಸ್ತೆಯ ಬದಿಯಲ್ಲಿ ರಾಶಿ ಹಾಕಿ ಊಟಕ್ಕೆ ಹೋದರು. ಆಚೆ ಡಾಮರು ಹಾಕುತ್ತಿದ್ದ ಆಳುಗಳು, ತಮಗೇ ಬಂದ ಮರಳೆಂದು, ಹಸಿ ಡಾಮರಿನ ಮೇಲೆ ಚಂದ ಮಾಡಿ ಹರಡಿಬಿಟ್ಟರು.

ಇಂಜಿನಿಯರು ಬಂದು ಕೂಗಿದ, "ನನ್ನ ಲೋಡೆಲ್ಲಿ?"

ಆಳುಗಳ ಮೇಸ್ತ್ರಿ ಸಮಾಧಾನ ಹೇಳಿದ, "ಎಲ್ಲಿಗೂ ಹೋಗಲಿಲ್ಲ ಸ್ವಾಮಿ. ಇಲ್ಲೇ ಉಂಟು, ಲಾರಿಯನ್ನು ಅದರ ಮೇಲೇ ಓಡಿಸಿ."

ಹತ್ತಿದ ದಿನ

ಮಾರನೇ ಬೆಳಗ್ಗೆ ಧಣಿಗಳು ಪರೀಕ್ಷೆ ನೋಡಲಿಕ್ಕೆ ಕಾರಿನಲ್ಲಿ ಮೊದಲೇ ಹೋಗಿ ಘಾಟಿಯ ತಲೆಯಲ್ಲಿ ಕಾಯುತ್ತಿದ್ದರು. ಇಲ್ಲಿ ಮರಳಿಲ್ಲ. ಕಾಫಿ ತೋಟದ ಕೆಲಸಕ್ಕೆ ಹೊರಟ ಗಂಡಸರು ಹೆಂಗಸರು ಬಸ್ಸಿಗೆ ಕಾಯುವುದನ್ನು ಇಂಜಿನಿಯರು ನೋಡಿದ. "ಎಲ್ಲಾರೂ ಹತ್ತಿ, ಟಿಕೇಟಿಲ್ಲ!" ಗಂಟುಮೂಟೆ ಸಮೇತ ಲಾರಿ ತುಂಬಿತು. ಭಾರ ಸಾಲದೆಂದಾಗ ಅತ್ತೆಯೂ ನಾನೂ ಮಗುವೂ ಹತ್ತಿದೆವು.

ಮಂಜಿನೊಳಗೆ ಮರಗಳು ನೀರಿನಡಿಯಲ್ಲಿ ಇದ್ದ ಹಾಗೆ ತೇಲಿ ಹೋಗುತ್ತಿದ್ದವು. ಮಗು ನಿದ್ದೆ ಹೋಯಿತು. ಇದೇ ಲಾರಿ ನಮ್ಮ ಅಂಗಳದಲ್ಲಿ ನಿಂತ ಹಾಗೆ, ನಾನು ಅದರ ಗಾಜು ಒರೆಸಿದ ಹಾಗೆ ಏನೇನೋ ಕಾಣುತ್ತಾ ಕೂತಿದ್ದೆ. ಅಷ್ಟರಲ್ಲಿ ಕಡಿದಾದ ತಿರುವು ಬಂತು. ಇಂಜಿನ್ನಿನ ಸ್ವರ ಇಳಿಯಿತು, ಲಾರಿ ನಡೆಯುವವರಷ್ಟು ನಿಧಾನವಾಯಿತು. ಇದು ಇಲ್ಲಿ ನಿಂತರೆ ನಮ್ಮ ಒಲೆಯೂ ಆರಿತು.

ಬಸ್ಸಾದರೆ ಆ ತಿರುವಿನಲ್ಲಿ ಎಲ್ಲರೂ ಇಳಿದು ನಡೆಯುವುದು ರೂಢಿ. ಯಾರೂ ಹೇಳದೆಯೇ ಜನ ಹಿಂದಿನಿಂದ ಧುಮುಕತೊಡಗಿದರು. "ಬೇಗ ಇಳಿಯಿರಿ, ಪಾಪ ಇಂಜಿನ್ನಿಗೆ ಕಷ್ಟ ಆಗ್ತದೆ!" ಎಂದು ನಾನೂ ಅವಸರ ಮಾಡಿದೆ. ಮೊದಲು ಅತ್ತೆಯನ್ನೇ ಇಳಿಸಿದೆ, ಭಾರ ಅವರದೇ ಹೆಚ್ಚು. ಮಗುವನ್ನು ಅವರ ಕೈಗೆ ಕೊಟ್ಟು ನಾನೂ ಇಳಿದೆ. ಲಾರಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಮಂಜಿನಲ್ಲಿ ಓಡಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮುಂದೆ ಕೂತಿದ್ದ ಇಂಜಿನಿಯರಿಗೆ ಇದು ಯಾವುದೂ ಗೊತ್ತಿಲ್ಲ. ಮೇಲೆ ಹೋಗಿ ಇಳಿದವನೇ ಧಣಿಗಳ ಕೈ ಕುಲುಕಿದನಂತೆ: "ನೋಡಿದ್ರಾ, ಪೂರಾ ಲೋಡು! ಉಸಿರು ಕಟ್ಟಲಿಲ್ಲ!" ಧಣಿಗಳು ಹಿಂದೆ ಹೋಗಿ ಇಣುಕಿದರು. ಒಳಗೆ ಯಾರೋ ಮರೆತ ಒಂದು ಕೊಡೆ ಇತ್ತು.

ನಾವು ಏದುಸಿರು ಬಿಡುತ್ತಾ ಮೇಲೆ ಮುಟ್ಟಿದಾಗ ಇಂಜಿನಿಯರು ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಯಾಕಮ್ಮ ಇಳಿದ್ರಿ?"

"ಹತ್ತಲಿ ಅಂತ."

"ಹತ್ತುತ್ತೋ ಇಲ್ವೋ ನೋಡೋಕೇ ಅಲ್ವೇನಮ್ಮ ನಿಮ್ಮನ್ನೆಲ್ಲ ಹತ್ತಿಸಿದ್ದು!"

ನಮ್ಮನ್ನೆಲ್ಲ ಕೆಳಗೆ ಕರೆದುಕೊಂಡು ಹೋಗಿ ಮತ್ತೆ ಹತ್ತಿಸಿದರು. ಈ ಸಲ ಇಂಜಿನಿಯರು ಹಿಂದೆ ಕೈ ಅಡ್ಡ ಹಿಡಿದು ನಿಂತಿದ್ದ. ತಿರುವಿನಲ್ಲಿ ಎಲ್ಲರೂ ಅರ್ಧ ಎದ್ದರು, ಅವನು ಗದರಿ ಕೂರಿಸಿದ. ನಾನು ಕಣ್ಣು ಮುಚ್ಚಿದೆ. ಇಂಜಿನ್ನು ನರಳಿತು, ಆದರೆ ನಿಲ್ಲಲಿಲ್ಲ. ಕಣ್ಣು ಬಿಡುವಾಗ ಮಂಜೆಲ್ಲ ಕೆಳಗಿತ್ತು, ನಾವು ಬಿಸಿಲಿನಲ್ಲಿದ್ದೆವು.

ಧಣಿಗಳು ನಮ್ಮವರ ಬೆನ್ನು ತಟ್ಟಿದರು. "ಲಾರಿ ತೆಗೆದುಕೊಂಡೆ ಅಂತಲೇ ತಿಳಿ. ಓಡಿಸುವುದು ನೀನೇ. ಒಂದೇ ಮಾತು, ನಿನ್ನ ಹೆಂಡತಿಯನ್ನು ಮಾತ್ರ ಹತ್ತಿಸಬೇಡ. ಇಂಜಿನ್ನಿಗೆ ಕಷ್ಟ ಅಂತ ನನ್ನ ಅಡಿಕೆ ಮೂಟೆಯನ್ನೆಲ್ಲ ಅರ್ಧ ಘಾಟಿಯಲ್ಲೇ ಇಳಿಸಿಯಾಳು."