ಐವತ್ತು ವರ್ಷಕ್ಕೆ ಮುನ್ನೂರು ಕುರ್ಚಿ

ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ಯಾವ ಸಮಾರಂಭವೂ ಅಂದುಕೊಂಡ ಹಾಗೆ ನಡೆದದ್ದಿಲ್ಲ. ಬಾವುಟ ಏರಿಸಿದರೆ ಹಗ್ಗ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ದೀಪ ಹಚ್ಚಲು ಹೋದರೆ ಎಲ್ಲಿಂದಲೋ ಗಾಳಿ ಏಳುತ್ತದೆ. ಗಣ್ಯರಿಗೆ ತೊಡಿಸಿದ ಮೈಸೂರು ಪೇಟ ಜಾರಿ ಅವರ ಕಣ್ಣು ಮುಚ್ಚುತ್ತದೆ. ನೋಡಿದವರೆಲ್ಲ ಅಲ್ಲೇ ನಗುತ್ತಾರೆ. ನನಗೆ ಮಾತ್ರ ನಗು ಬರಲು ಒಂದು ವಾರ ಬೇಕು, ಅಲ್ಲಿಯವರೆಗೆ ಬರೀ ಗಾಬರಿ. ಗಾಬರಿ ನನ್ನ ಹುಟ್ಟುಗುಣ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡಿದ ದಿನಗಳು ಬೇಕಾದಷ್ಟಿವೆ. ಇಂಥವಳ ತಲೆಗೆ ವಿಶ್ವವಿದ್ಯಾಲಯದ ಸುವರ್ಣ ಮಹೋತ್ಸವವನ್ನು ಕಟ್ಟಿದರು.

ಬಸ್ಸು ತಪ್ಪಿದ್ದಕ್ಕೆ ಬಹುಮಾನ

ಕೇಂದ್ರ ಇರುವುದು ಪಾಂಡವಪುರ ದಾಟಿ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹಳ್ಳಿಯ ಪಕ್ಕ. ನಾನು ಅಲ್ಲಿ ಇತಿಹಾಸದ ಮೇಷ್ಟರು. ಮಹೋತ್ಸವದ ತಯಾರಿಗೆ ಕರೆದ ಸಭೆಯ ದಿನ ಪಾಂಡವಪುರದಲ್ಲಿ ನನಗೆ ಬಸ್ಸು ತಪ್ಪಿತು. ಹೋಗುವಷ್ಟರಲ್ಲಿ ಸಭೆ ಮುಗಿದು ಎಲ್ಲರೂ ಚೌಚೌ ತಿನ್ನುತ್ತಿದ್ದರು. ನನ್ನನ್ನು ನೋಡಿ ಎಲ್ಲರೂ ತುಂಬ ಪ್ರೀತಿಯಿಂದ ನಕ್ಕರು. ಸರ್ಕಾರಿ ಸಭೆಯಲ್ಲಿ ಯಾರು ಇರುವುದಿಲ್ಲವೋ ಅವರೇ ಸರ್ವಾನುಮತದಿಂದ ಸಂಚಾಲಕರಾಗುತ್ತಾರೆ.

ನಮ್ಮ ನಿರ್ದೇಶಕರು ನಲವತ್ತೆಂಟರ ಬ್ರಹ್ಮಚಾರಿ, ನನಗೆ ತದ್ವಿರುದ್ಧ. ಕಟ್ಟಡಕ್ಕೆ ಬೆಂಕಿ ಬಿದ್ದರೂ "ಏನೂ ಆಗಲ್ಲ ಬಿಡಿ ಮೇಡಮ್" ಎನ್ನುವ ಜೀವ. ಅವರು ಚೌಚೌ ಜಗಿಯುತ್ತಲೇ ವಿಷಯ ಹೇಳಿದರು. ಮಹೋತ್ಸವವನ್ನು ಪ್ರತಿ ಕೇಂದ್ರದಲ್ಲೂ ಒಂದೊಂದು ಸಮಾರಂಭವಾಗಿ ಮಾಡಬೇಕು, ಕುಲಪತಿಗಳೇ ಬರುತ್ತಾರೆ. ಮಕ್ಕಳು ಕಡಿಮೆ ಇರುವ ಕೇಂದ್ರಗಳನ್ನು ಮುಚ್ಚಿ ಮೈಸೂರಿಗೆ ಸೇರಿಸುವ ಮಾತು ಮೊದಲಿನಿಂದಲೂ ಇತ್ತು. ಕುಲಪತಿಗಳು ಈಗ ಅದಕ್ಕೊಂದು ಅಳತೆಗೋಲು ಕಂಡುಕೊಂಡಿದ್ದರು. ಸುವರ್ಣ ಮಹೋತ್ಸವಕ್ಕೆ ಮುನ್ನೂರು ಕುರ್ಚಿ ತುಂಬಿಸಲಾಗದ ಕೇಂದ್ರ ಆ ಊರಿಗೆ ಬೇಕಾಗಿಲ್ಲ ಎಂದೇ ಅರ್ಥ ಎಂದಿದ್ದರಂತೆ.

ನಮ್ಮಲ್ಲಿದ್ದ ಮಕ್ಕಳೋ ಎಪ್ಪತ್ತು ದಾಟುವುದಿಲ್ಲ. ಹೆಚ್ಚಿನವರು ಬೂಕನಕೆರೆ, ಸಂತೆಬಾಚಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯರು. ಕೇಂದ್ರ ಮೈಸೂರಿಗೆ ಹೋದರೆ ಅವರಲ್ಲಿ ಎಷ್ಟು ಜನ ಹಿಂದೆಯೇ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮಿಕ್ಕ ಇನ್ನೂರಮೂವತ್ತು ಕುರ್ಚಿಗೆ ಏನು ಮಾಡುವುದು ಎಂದು ಕೇಳಿದೆ. ನಿರ್ದೇಶಕರು ಪ್ಲೇಟು ಕೆಳಗಿಟ್ಟು, ಅದಕ್ಕೇ ಅಲ್ಲವೇ ನಿಮ್ಮನ್ನು ಸಂಚಾಲಕರನ್ನಾಗಿ ಮಾಡಿದ್ದು ಎಂದರು.

ಕುಂಕುಮದ ಭರಣಿ

ಆರ್ಟ್ ಪೇಪರಿನಲ್ಲಿ ಚೆಂದದ ಆಹ್ವಾನ ಪತ್ರಿಕೆ ಹಾಕಿಸಿದೆವು. ನಮ್ಮ ಅಟೆಂಡರು ಅದೇ ಹಳ್ಳಿಯವನು. ಊರಿಗೆಲ್ಲ ಹಂಚಲು ಕೊಟ್ಟರೆ ಕಟ್ಟನ್ನು ಹಾಗೇ ಟೀ ಅಂಗಡಿಯಲ್ಲಿಟ್ಟು ಬಂದ. ಎರಡು ದಿನದ ಮೇಲೆ ನಾನು ಅಲ್ಲಿಗೆ ಹೋದಾಗ ನಮ್ಮ ಸುವರ್ಣ ಮಹೋತ್ಸವದ ಮೇಲೆ ಬಿಸಿ ಬೋಂಡ ಕೊಡುತ್ತಿದ್ದರು.

ಊರಿನ ಡೈರಿಯ ಅಧ್ಯಕ್ಷರಾದ ಗೌಡರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ದಯವಿಟ್ಟು ಎಲ್ಲರೂ ಬರಬೇಕು ಎಂದು ನಾನು ಕೈಮುಗಿದೆ. ಗೌಡರು ಬೋಂಡ ಮುಗಿಸಿ, ಪತ್ರಿಕೆಯಲ್ಲೇ ಬಾಯಿ ಒರೆಸಿಕೊಂಡು, "ಕಾಗ್ದ ಕೊಟ್ಬುಟ್ರೆ ಕರ್ದಂಗಾಯ್ತದಾ ಮೇಡಮ್ಮಾರೆ? ಮನ್‌ಮನೆಗೂ ಬಂದು ಕುಂಕ್ಮ ಇಟ್ಟು ಕರೀರಿ. ಆಮೇಲೆ ಬರ್ನಿಲ್ಲ ಅಂದ್ರೆ ನನ್ನ ಕೇಳಿ" ಎಂದರು.

ಮಾರನೆಯ ದಿನ ನಾನು ಕುಂಕುಮದ ಭರಣಿ ಹಿಡಿದು ಹೊರಟೆ. ಉಳಿದ ಪತ್ರಿಕೆಗಳ ಕಟ್ಟು ಹೊತ್ತು ನಿರ್ದೇಶಕರು ಜೊತೆಗೆ ಬಂದರು. ಒಂದು ಮನೆ ಬಿಟ್ಟರೂ ಆ ಮನೆಯವರು ಜನ್ಮದಲ್ಲಿ ಕೇಂದ್ರದ ಕಡೆ ತಲೆಹಾಕುವುದಿಲ್ಲ ಎಂದು ಅಟೆಂಡರು ಹೆದರಿಸಿದ್ದ. ಹಾಗಾಗಿ ಬೀಗ ಹಾಕಿದ ಮನೆಯ ಬಾಗಿಲಿಗೂ ಕುಂಕುಮ ಇಟ್ಟೆ. ಒಂದು ಕೊಟ್ಟಿಗೆಗೂ ಇಟ್ಟೆ ಎಂದು ಆಮೇಲೆ ಗೊತ್ತಾಯಿತು.

ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆ ಅದೇ ಬೀದಿಯಲ್ಲಿತ್ತು. ಅವಳ ತಾಯಿ ಕಾಫಿ ಕೊಟ್ಟು, ಕೇಂದ್ರ ಮುಚ್ಚುತ್ತಾರಂತಲ್ಲ ನಿಜವಾ ಎಂದು ಮೆಲ್ಲಗೆ ಕೇಳಿದಳು. ಇನ್ನೂ ತೀರ್ಮಾನ ಆಗಿಲ್ಲ ಎಂದೆ. "ಇಲ್ಲೇ ಇದ್ರೆ ಓದ್ಲಿ ಮೇಡಮ್. ಮೈಸೂರ್ಗಂತೂ ಅವ್ರಪ್ಪ ಕಳ್ಸಕ್ಕಿಲ್ಲ. ನಾಗಮಂಗ್ಲದಿಂದ ಗಂಡ್ನೋರು ಕೇಳ್ತಾವ್ರೆ" ಎಂದಳು. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಎರಡೆರಡು ಸಲ ಕರೆದೆ.

ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಒಬ್ಬ ಗಂಡಸು, ಒಬ್ಬ ಹೆಂಗಸು, ಕೈಯಲ್ಲಿ ಕುಂಕುಮ, ಪತ್ರಿಕೆ. ಅವರಿಗೆ ಮತ್ತೆ ವಿವರಣೆ ಬೇಕಾಗಲಿಲ್ಲ. ಮದುವೆ ಯಾರದು ಎಂದು ಕೇಳಿದರು. ಮದುವೆಯಲ್ಲ, ಐವತ್ತು ವರ್ಷ ಆದದ್ದಕ್ಕೆ ಸಮಾರಂಭ ಎಂದು ನಾನು ವಿವರಿಸಿದೆ. ಸಾಹೇಬರಿಗೆ ಎಷ್ಟು ಮಕ್ಕಳು ಎಂದರು. ಅವರಿಗಿನ್ನೂ ಮದುವೆಯಾಗಿಲ್ಲ ಎಂದೆ. ಅಜ್ಜಿಗೆ ಎಲ್ಲವೂ ಅರ್ಥವಾಗಿ ಹೋಯಿತು. ನಿರ್ದೇಶಕರ ಕೆನ್ನೆ ಸವರಿ ನೆಟಿಗೆ ಮುರಿದು, "ಐವತ್ತಾದ್ರೂ ಕೂಡ್ಬಂತಲ್ಲ, ಅಷ್ಟೇ ಸಾಕು ಬುಡಪ್ಪ" ಎಂದರು. ನಿರ್ದೇಶಕರು ಅಂದು ಸಂಜೆಯವರೆಗೆ ಒಂದು ಸಲವೂ ಏನೂ ಆಗಲ್ಲ ಎನ್ನಲಿಲ್ಲ.

ಅನ್ನ ಉಳಿದರೆ

ಅಡುಗೆಗೆ ನಾಗಮಂಗಲದ ಕಡೆಯ ಭಟ್ಟರೊಬ್ಬರನ್ನು ಗೊತ್ತುಮಾಡಿದೆವು. ಮುನ್ನೂರು ಜನಕ್ಕೆ ಎಂದೆ. ಅವರು ಆರುನೂರಕ್ಕೆ ಮಾಡುತ್ತೇನೆ ಎಂದರು. ನನಗೆ ಇನ್ನೊಂದು ಚಿಂತೆ ಹತ್ತಿಕೊಂಡಿತು. ಕುರ್ಚಿಯೂ ಖಾಲಿ, ಅನ್ನವೂ ರಾಶಿ ಎಂದಾದರೆ ಏನು ಗತಿ? ಮುನ್ನೂರೇ ಬರುವುದು ಅನುಮಾನ ಎಂದು ಅವರ ಹಿಂದೆ ಹಿಂದೆ ಸುತ್ತಿದೆ. ಭಟ್ಟರು ಸೌಟು ಕೆಳಗಿಟ್ಟು, "ಅನ್ನ ಉಳುದ್ರೆ ದನ ತಿಂತವೆ. ಮರ್ವಾದೆ ಓದ್ರೆ ಯಾರ್ ತಿಂತಾರೆ ಮೇಡಮ್?" ಎಂದು ಕೇಳಿದರು. ಇತಿಹಾಸದಲ್ಲಿ ಪಿಎಚ್.ಡಿ. ಮಾಡಿದವಳು ಆರುನೂರಕ್ಕೇ ಮುಂಗಡ ಕೊಟ್ಟು ಬಂದೆ.

ಉಂಡ ಮೇಲೆ

ಸಮಾರಂಭದ ದಿನ ಹನ್ನೊಂದಕ್ಕೆಲ್ಲ ಜನ ಬಂದರು. ಕುರ್ಚಿ ಸಾಲದೆ ಕಟ್ಟೆಯ ಮೇಲೂ ಕೂತರು. ನನ್ನ ಕಣ್ಣಲ್ಲಿ ನೀರೇ ಬಂತು. ಆದರೆ ಕುಲಪತಿಗಳು ಬರಲಿಲ್ಲ. ಅವತ್ತು ಬೆಳಿಗ್ಗೆ ಅವರಿಗೆ ಇನ್ನೂ ಎರಡು ಕೇಂದ್ರಗಳ ಸಮಾರಂಭ ಇತ್ತು, ನಾಲ್ಕು ಗಂಟೆಯಾಗುತ್ತದೆ ಎಂದು ಫೋನ್ ಬಂತು. ಹಸಿದವರನ್ನು ಕಾಯಿಸುವುದು ಹೇಗೆ? ಊಟ ಬಡಿಸಿಬಿಟ್ಟೆವು. ಮುದ್ದೆ, ಸೊಪ್ಪಿನ ಸಾರು, ಪಾಯಸ. ಈ ಕಡೆ ಊಟ ಹಾಕಿದರೆಂದರೆ ಕಾರ್ಯ ಮುಗಿಯಿತು ಎಂದೇ ಲೆಕ್ಕ. ಎಲ್ಲರೂ ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಚೆನ್ನಾಗಿ ಮಾಡಿದ್ರಿ ಮೇಡಮ್ ಎಂದು ನನ್ನನ್ನೇ ಹೊಗಳಿ ಮನೆಗೆ ಹೋದರು.

ಮೂರು ಗಂಟೆಗೆ ಶಾಮಿಯಾನದ ಕೆಳಗೆ ನಮ್ಮ ಮಕ್ಕಳು ಮತ್ತು ಎರಡು ನಾಯಿ ಉಳಿದಿದ್ದವು. ಗೌಡರ ಮನೆಗೆ ಓಡಿ, ಮಲಗಿದ್ದವರನ್ನು ಎಬ್ಬಿಸಿ, ವಿಷಯ ಹೇಳುತ್ತ ಅತ್ತೇಬಿಟ್ಟೆ. ಮುಚ್ಚುವ ಮಾತನ್ನೂ ಹೇಳಿದೆ. ಗೌಡರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಡೈರಿಗೆ ಹೋಗಿ ಮೈಕು ಹಿಡಿದರು. "ನಮ್ ಎಣ್ಮಕ್ಳ ಕಾಲೇಜ್ನ ಕಿತ್ಕಂಡು ಓಗಕ್ಕೆ ಮೈಸೂರ್ನಿಂದ ಬತ್ತಾವ್ರಂತೆ. ಎಲ್ರೂ ಬಂದು ಕುಂತ್ಕಳಿ" ಎಂದು ಊರಿಗೆಲ್ಲ ಕೇಳುವ ಹಾಗೆ ಸಾರಿದರು.

ಜನ ಬಂದರು. ಕುಲಪತಿಗಳ ಕಾರೂ ಅದೇ ಹೊತ್ತಿಗೆ ಬಂತು. ಕಿತ್ತುಕೊಂಡು ಹೋಗಲು ಬರುವವರು ಎಂದರೆ ಹೇಗಿರುತ್ತಾರೋ ಎಂದು ಜನ ಕಾರಿನೊಳಗೆ ಬಗ್ಗಿ ನೋಡಿದರು. ಇಷ್ಟು ಆತ್ಮೀಯ ಸ್ವಾಗತ ಬೇರೆಲ್ಲೂ ಸಿಗಲಿಲ್ಲ ಎಂದು ಕುಲಪತಿಗಳು ನನ್ನ ಹತ್ತಿರ ಸಂತೋಷಪಟ್ಟರು.

ನೀವು ಹೇಳ್ತಾ ಇರಿ

ಪ್ರಾರ್ಥನೆ, ಸ್ವಾಗತ, ಪೇಟ, ಹಾರ ಎಲ್ಲ ಮುಗಿಯಿತು. ಕುಲಪತಿಗಳು ವಿಶ್ವವಿದ್ಯಾಲಯದ ಐವತ್ತು ವರ್ಷದ ಕಥೆಯನ್ನು ಮೊದಲಿನಿಂದ ಶುರುಮಾಡಿದರು. ಕುರ್ಚಿಗಳು ಭರ್ತಿಯಾಗಿದ್ದವು. ನಾನು ಬೆಳಗಿನಿಂದ ಮೊದಲ ಸಲ ಬೆನ್ನು ಆನಿಸಿ ಕೂತೆ.

ಅವರು ಇನ್ನೂ ಮೊದಲ ಹತ್ತು ವರ್ಷ ದಾಟಿರಲಿಲ್ಲ. ಹೆಂಗಸರ ಕಡೆಯಿಂದ ಒಬ್ಬಳು ಎದ್ದಳು. ಅದೇ ವಿದ್ಯಾರ್ಥಿನಿಯ ತಾಯಿ. ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡಿ, ಪಕ್ಕದವಳನ್ನು ತಿವಿದಳು. ಅವಳೂ ಎದ್ದಳು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಕುಲಪತಿಗಳ ಮಾತು ನಿಂತಿತು. ಕೊನೆಗೆ ಮುಂದಿನ ಸಾಲಿನಲ್ಲಿದ್ದ ಗೌಡರೂ ಎದ್ದು, ವೇದಿಕೆಗೆ ಕೈಮುಗಿದು, "ನೀವು ಯೋಳ್ತಾ ಇರಿ ಸಾಮಿ, ಆಲಾಕ್ಬುಟ್ಟು ಬತ್ತೀವಿ" ಎಂದು ಹೊರಟರು.

ಸಂಜೆ ಹಸು ಕರೆದು ಡೈರಿಗೆ ಹಾಲು ಹಾಕುವ ಹೊತ್ತು ಅದು. ಡೈರಿಯ ಬಾಗಿಲು ಮುಚ್ಚಿದರೆ ಅವತ್ತಿನ ಹಾಲು ಮನೆಯಲ್ಲೇ. ಇಷ್ಟು ವರ್ಷ ಅದೇ ಊರಿನಲ್ಲಿ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಕುಲಪತಿಗಳು ನನ್ನ ಕಡೆ ತಿರುಗಿ, ಇದು ಬಹಿಷ್ಕಾರವೇ ಎಂದು ಕೇಳಿದರು. ಹಾಲು ಎಂದಷ್ಟೇ ನನ್ನ ಬಾಯಿಂದ ಬಂತು. ನಿರ್ದೇಶಕರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ಏನೋ ಮಂತ್ರ ಹೇಳಿಕೊಳ್ಳುತ್ತಿದ್ದರು.

ಆಗ ಅಟೆಂಡರು ವೇದಿಕೆಯ ಹತ್ತಿರ ಬಂದು, ಬತ್ತಾರೆ ಸಾರ್, ಕುರ್ಚಿ ನೋಡಿ ಎಂದ. ನೋಡಿದೆವು. ಒಂದು ಕುರ್ಚಿಯೂ ಬರಿದಾಗಿರಲಿಲ್ಲ. ಒಂದರ ಮೇಲೆ ಟವಲ್ಲು, ಒಂದರ ಮೇಲೆ ಚೀಲ, ಒಂದರ ಮೇಲೆ ಕರ್ಚೀಫು, ಒಂದರ ಮೇಲೆ ಒಂಟಿ ಚಪ್ಪಲಿ. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ಲು ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಊರಿನವರೆಲ್ಲ ಸೀಟು ಹಿಡಿದು ಹೋಗಿದ್ದರು.

ಹಾಗಾದರೆ ಬರಲಿ ಎಂದು ಕುಲಪತಿಗಳು ಭಾಷಣದ ಹಾಳೆ ಮಡಚಿಟ್ಟರು. ಬೆಳಗಿನಿಂದ ಎರಡು ಕೇಂದ್ರಗಳಲ್ಲಿ ಭಾಷಣ ಮಾಡಿ ಅವರು ಸರಿಯಾಗಿ ಉಂಡಿರಲಿಲ್ಲ. ಭಟ್ಟರು ಉಳಿದಿದ್ದ ಮುದ್ದೆ ಸಾರನ್ನು ಬಿಸಿಮಾಡಿ ತಂದಿಟ್ಟರು. ಕುಲಪತಿಗಳು ವೇದಿಕೆಯ ಮೇಲೇ ಕೂತು ಎರಡು ಮುದ್ದೆ ಉಂಡರು. ಅಷ್ಟು ಹೊತ್ತೂ ನಾನು ಗೇಟಿನಲ್ಲಿ ನಿಂತಿದ್ದೆ. ಜನ ವಾಪಸ್ ಬಾರದೆ ಹೋದರೆ ನಾಗಮಂಗಲದ ಗಂಡಿನ ಕಡೆಯವರು ಗೆದ್ದರು ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮೊದಲು ಕಂಡದ್ದು ಆ ಹುಡುಗಿಯ ತಾಯಿ, ಕೈಯಲ್ಲಿ ಖಾಲಿ ಕ್ಯಾನು. ಅವಳ ಹಿಂದೆ ಊರೇ ಬಂತು. ಹಾಲು ಹಾಕಲು ಬಂದಿದ್ದ ಪಕ್ಕದ ಊರಿನವರೂ ಬಂದರು. ಬಂದವರೇ ಕುರ್ಚಿಗೆ ಜಗಳ ಶುರುಮಾಡಿದರು. "ಟವಲ್ ಆಕಿವ್ನಿ ಕಣ್ಲಾ, ಏಳ್ಲಾ ಮ್ಯಾಕೆ" ಎಂದು ಒಬ್ಬ, ಚಪ್ಪಲಿ ನನ್ನದು ಎಂದು ಇನ್ನೊಬ್ಬ.

ಕುಲಪತಿಗಳು ಮೈಕು ತೆಗೆದುಕೊಂಡರು. "ನನ್ನ ಭಾಷಣದ ಮಧ್ಯೆ ಎದ್ದು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಟವಲ್ ಹಾಕಿ ಹೋದವರನ್ನು ಇವತ್ತೇ ನೋಡಿದ್ದು. ನಾನು ಇರುವವರೆಗೆ ಈ ಕೇಂದ್ರ ಎಲ್ಲಿಗೂ ಹೋಗುವುದಿಲ್ಲ" ಎಂದರು. ಚಪ್ಪಾಳೆ, ಶಿಳ್ಳೆ, ಅದರ ಮೇಲೆ ಹಾಲಿನ ಕ್ಯಾನು ಬಡಿಯುವ ಸದ್ದು. ಆ ಹುಡುಗಿ ಅಮ್ಮನನ್ನು ತಬ್ಬಿಕೊಂಡಿದ್ದಳು. ನಿರ್ದೇಶಕರು ಕಣ್ಣು ಬಿಟ್ಟು, ಏನೂ ಆಗಲ್ಲ ಅಂತ ನಾನು ಹೇಳಿರಲಿಲ್ಲವಾ ಎಂದರು.

ಸಂತೋಷದಲ್ಲಿ ಕುಲಪತಿಗಳು ಗಂಟಲು ಸರಿಮಾಡಿಕೊಂಡು, ಉಳಿದ ನಲವತ್ತು ವರ್ಷದ ಕಥೆಯನ್ನು ಈಗ ಮುಂದುವರಿಸುತ್ತೇನೆ ಎಂದರು. ಗೌಡರು ಮತ್ತೆ ಎದ್ದು ನಿಂತರು.

"ಕಾಲೇಜ್ ಉಳೀತು ಅಂದ್ರಲ್ಲ ಸಾಮಿ, ಅಷ್ಟು ಸಾಕು. ಇನ್ನೇನು ಕರೆಂಟ್ ಬತ್ತದೆ, ಓಗಿ ಮೋಟ್ರು ಆನ್ ಮಾಡ್ಬೇಕು."

ಈ ಸಲ ಎಲ್ಲರೂ ಟವಲ್ಲು ಎತ್ತಿಕೊಂಡು ಹೊರಟರು.