ಸಿಂಹಾಸನದ ಕೋಣೆಯ ಹೊಸ ನಿಯಮ

ಆ ದಿನ ಬೆಳಿಗ್ಗೆ ಅರಮನೆ ನೋಡಲು ಹೊರಟ ತರಗತಿಯ ಬಸ್ಸು ಹತ್ತುವಾಗಲೇ ನಾನು ಘೋಷಿಸಿಬಿಟ್ಟೆ: "ಗೈಡೂ ಬೇಡ, ಕಿವಿಗೆ ಹಾಕ್ಕೊಳ್ಳೋ ಯಂತ್ರಾನೂ ಬೇಡ. ನಾನಿದ್ದೀನಿ."

ಹೀಗೆ ಹೇಳುವ ಹಕ್ಕು ನನಗಿತ್ತು. ಪರದೇಶಕ್ಕೆ ಓದಲು ಬಂದು ಎಂಟು ತಿಂಗಳಾಗಿತ್ತು. ಅದರಲ್ಲಿ ಏಳು ತಿಂಗಳು ಆ ಅರಮನೆಯ ಬಗ್ಗೆಯೇ ಓದಿದ್ದೆ, ಪಾಠ ಓದಿದ್ದು ಉಳಿದ ಒಂದು ತಿಂಗಳು. ಒಟ್ಟು ಕಿಟಕಿ ಎಷ್ಟು, ಯಾವ ರಾಣಿಗೆ ಯಾವ ಕೋಣೆಯಲ್ಲಿ ನಿದ್ದೆ ಬರುತ್ತಿರಲಿಲ್ಲ, ಯಾವ ರಾಜ ಯಾವ ಮೆಟ್ಟಿಲಿನಿಂದ ಜಾರಿ ಬಿದ್ದ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಬೇರೆ ಹುಡುಗಿಯರು ಸಿನಿಮಾ ನಟರ ಚಿತ್ರ ಅಂಟಿಸಿಕೊಳ್ಳುವ ಗೋಡೆಯಲ್ಲಿ ನಾನು ಆ ಅರಮನೆಯ ಛಾವಣಿಯ ಚಿತ್ರ ಅಂಟಿಸಿಕೊಂಡಿದ್ದೆ.

ಇಷ್ಟು ಹುಚ್ಚಿಗೆ ಒಂದು ಆಸೆಯೂ ಸೇರಿಕೊಂಡಿತ್ತು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಅರಮನೆಯೊಳಗೇ ಇದ್ದು ಕೆಲಸ ಕಲಿಯುವುದಕ್ಕೆ ನಮ್ಮ ತರಗತಿಯಿಂದ ಒಬ್ಬರನ್ನು ಕಳಿಸುತ್ತಾರೆ. ಒಬ್ಬರನ್ನೇ. ಆ ಒಬ್ಬರು ಯಾರು ಅಂತ ಪ್ರೊಫೆಸರು, ಅರಮನೆಯ ಮೇಲ್ವಿಚಾರಕಿ ಇಬ್ಬರೂ ಕೂತು ಅವತ್ತೇ ತೀರ್ಮಾನಿಸುವುದಿತ್ತು. ನಮಗೆಲ್ಲ ಒಂದೊಂದು ಕೋಣೆ ಹಂಚಿದ್ದರು. ಅದರ ಕಥೆಯನ್ನು ಐದು ನಿಮಿಷದಲ್ಲಿ ಹೇಳಬೇಕು. ನನಗೆ ಬಂದಿದ್ದು ಸಿಂಹಾಸನದ ಕೋಣೆ.

"ಒಂದು ಸಲ ಬಾಯಿ ಬಿಟ್ಟೆ ಅಂದ್ರೆ ಮೇಲ್ವಿಚಾರಕಿ ಅಲ್ಲೇ ಕೀಲಿಕೈ ಕೊಟ್ಟುಬಿಡ್ತಾರೆ, ನೋಡ್ತಿರು," ಎಂದೆ ಪಕ್ಕದ ಸೀಟಿನವಳಿಗೆ.

"ಕೊಡ್ತಾರೆ ಕೊಡ್ತಾರೆ. ನಿನ್ನ ಹೊರಗೆ ನಿಲ್ಸಿ, ಬೀಗ ಹಾಕಿ, ಆಮೇಲೆ ಕೊಡ್ತಾರೆ."

ಇವಳು ನನ್ನ ರೂಮ್‌ಮೇಟು, ತರಗತಿಯಲ್ಲಿ ನಮ್ಮ ಭಾಷೆ ಆಡುವ ಇನ್ನೊಂದೇ ಜೀವ. ನಾನಿಟ್ಟ ಹೆಸರು ವಕೀಲಮ್ಮ. ಹಾಲು ಒಡೆದರೆ ಹಾಲಿನ ಪರವಾಗಿಯೂ ಹತ್ತು ನಿಮಿಷ ವಾದ ಮಾಡುವ ಹುಡುಗಿ.

ಆ ಅರಮನೆಯಲ್ಲಿ ದಾರಿ ಒಂದೇ. ಒಂದು ಬಾಗಿಲಲ್ಲಿ ಒಳಗೆ ಹೋಗಿ, ಬಾಣದ ಗುರುತು ಹಿಡಿದು ಕೋಣೆಯಿಂದ ಕೋಣೆಗೆ ನಡೆದು, ಕಟ್ಟಡದ ಆ ತುದಿಯ ಬಾಗಿಲಲ್ಲಿ ಹೊರಗೆ ಬರಬೇಕು. ಹಿಂದಕ್ಕೆ ತಿರುಗುವ ಹಾಗಿಲ್ಲ. ನನ್ನ ಅರ್ಧ ದುರಂತಕ್ಕೆ ಈ ಬಾಣಗಳೇ ಹೊಣೆ. ಉಳಿದರ್ಧಕ್ಕೆ ನನ್ನ ಕಾಲು.

ಸಿಂಹಾಸನದ ಕೋಣೆಯ ಬಾಗಿಲು ಮೂರಾಳು ಎತ್ತರ. ಒಳಗೆ ಕನ್ನಡಿಯಂತೆ ಹೊಳೆಯುವ ಮರದ ನೆಲ, ಕೆಂಪು ಹಗ್ಗದ ಆಚೆ ಬಂಗಾರ ಬಣ್ಣದ ಸಿಂಹಾಸನ. ಏಳು ತಿಂಗಳು ಪುಸ್ತಕದಲ್ಲಿ ಕಂಡದ್ದು ಎದುರಿಗೇ ಇತ್ತು. ನನ್ನ ಎದೆ ತುಂಬಿತು. ಕಾಲು ಮಾತ್ರ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ನಡೆಯಲು ಕಲಿತ ದಿನದಿಂದ ದೊಡ್ಡ ಹೊಸ್ತಿಲು ಕಂಡಾಗಲೆಲ್ಲ ಮಾಡುತ್ತಾ ಬಂದದ್ದನ್ನೇ ಮಾಡಿತು. ಎಡಗಾಲು ಬಲಗಾಲಿನ ಹಿಮ್ಮಡಿಯನ್ನು ಒತ್ತಿತು, ಬಲಗಾಲು ಎಡಗಾಲಿನದನ್ನು ಒತ್ತಿತು, ಎರಡು ಶೂಗಳೂ ಕಳಚಿ ಗೋಡೆಯ ಪಕ್ಕಕ್ಕೆ ಸರಿದವು.

ನನಗಿದು ಗೊತ್ತೇ ಆಗಲಿಲ್ಲ ಎಂದರೆ ನೀವು ನಂಬಬೇಕು. ಹಿಂದೆಯೇ ಬಂದ ವಕೀಲಮ್ಮನೂ ಬಿಟ್ಟಳು. ಯಾಕೆ ಬಿಟ್ಟೆ ಅಂತ ಆಮೇಲೆ ಕೇಳಿದ್ದಕ್ಕೆ, "ನೀನು ಬಿಟ್ಟೆ, ನಾನು ಬಿಟ್ಟೆ. ಇದ್ರಲ್ಲಿ ಕೇಳೋಕೇನಿದೆ?" ಎಂದಳು.

ನಾನು ಮಾತು ಶುರು ಮಾಡಿದೆ. ಏನು ಮಾತು ಅದು! ಪಟ್ಟಾಭಿಷೇಕ ಮಾಡಿಸಿದೆ, ಒಳಸಂಚು ಹೂಡಿಸಿದೆ, ಇಬ್ಬರು ರಾಜಕುಮಾರರನ್ನು ಜಗಳವಾಡಿಸಿ ರಾಜಿಯನ್ನೂ ಮಾಡಿಸಿದೆ. ಜನ ಸೇರುತ್ತಲೇ ಹೋದರು. ಬೆಳಗಿನಿಂದ ಎಲ್ಲ ಕೋಣೆಗಳಲ್ಲೂ ಟಕಟಕ ಎನ್ನುತ್ತಿದ್ದ ನೆಲದ ಮೇಲೆ ಈಗ ಒಂದೇ ಒಂದು ಸದ್ದಿಲ್ಲ. ಆಹಾ, ಹೆಜ್ಜೆ ಎತ್ತಿಡುವುದನ್ನೂ ಮರೆತು ಕೇಳುತ್ತಿದ್ದಾರಲ್ಲ ಎಂದು ಉಬ್ಬಿದೆ. ಐದು ನಿಮಿಷದ ಮಾತು ಇಪ್ಪತ್ತೈದಾಯಿತು. ಮೇಲ್ವಿಚಾರಕಿ ಮೂಲೆಯಲ್ಲಿ ನಿಂತು ತಲೆದೂಗಿದ್ದನ್ನು ಕಣ್ಣಾರೆ ಕಂಡೆ.

ಆಮೇಲೆ ಉಳಿದ ಒಂಬತ್ತು ಕೋಣೆ ಮುಗಿಸಿ, ಗೆದ್ದವಳ ಗತ್ತಿನಲ್ಲಿ ಕೊನೆಯ ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟೆ. ಅಂಗಳದ ತುಂಬ ಜಲ್ಲಿಕಲ್ಲು.

"ಅಯ್ಯಪ್ಪಾ," ಎಂದೆ. ಪಕ್ಕದಲ್ಲಿ ವಕೀಲಮ್ಮನೂ ಅದನ್ನೇ ಅಂದಳು. ನಮ್ಮ ಹಿಂದೆ ಬಂದ, ನಮ್ಮ ಭಾಷೆ ಬಾರದ ಅಜ್ಜ ತಮ್ಮ ಭಾಷೆಯಲ್ಲಿ ಅದನ್ನೇ ಅಂದರು. ಅವರ ಹಿಂದೆ ಒಬ್ಬ ಅಜ್ಜಿ. ಅಜ್ಜಿಯ ಹಿಂದೆ ಸುಮಾರು ನೂರು ಜನ, ಎಲ್ಲರೂ ಬರೀ ಕಾಲುಚೀಲದಲ್ಲಿ, ಕೆಂಡ ತುಳಿಯುವವರ ಹಾಗೆ ಕುಣಿಯುತ್ತಾ ಬರುತ್ತಿದ್ದರು.

ಮೇಲ್ವಿಚಾರಕಿ ಸಿಂಹಾಸನದ ಕೋಣೆಯ ಕಾವಲುಗಾರನನ್ನು ಕರೆಸಿದರು. ಅವರಿಬ್ಬರ ಮಾತು ಅಲ್ಲಿನ ಭಾಷೆಯಲ್ಲಿ ನಡೆಯಿತು, ನಮ್ಮ ಭಾಷೆಯಲ್ಲಾದರೆ ಹೀಗೆ:

"ಶೂ ಬಿಡಿಸಿ ಅಂತ ಯಾರ್ರೀ ಹೇಳಿದ್ದು ನಿಮಗೆ?"

"ಹೊಸ ನಿಯಮ ಅಲ್ವಾ ಮೇಡಂ? ಪಾಳಿ ಬದಲಾಗಿ ನಾನು ಬರೋ ಹೊತ್ತಿಗೇ ಬಾಗಿಲಲ್ಲಿ ನಲವತ್ತು ಜೊತೆ ಇತ್ತು. ಮೇಲಿನವರ ಆರ್ಡರ್ ಆಗಿರ್ಬೇಕು ಅಂದ್ಕೊಂಡು ಮಿಕ್ಕವರನ್ನ ನಾನೇ ನಿಲ್ಲಿಸಿ ಬಿಡಿಸ್ದೆ."

"ಎಲ್ಲರೂ ಸುಮ್ನೆ ಬಿಟ್ರಾ?"

"ಒಬ್ಬರು ಆಗಲ್ಲ ಅಂತ ಹಟ ಹಿಡಿದ್ರು, ಪ್ರೊಫೆಸರಂತೆ. ಯಾರಾದ್ರೇನು, ಬಿಡಿಸ್ದೆ."

ನಾವೆಲ್ಲ ತಿರುಗಿ ನೋಡಿದೆವು. ಪ್ರೊಫೆಸರು ಬಲಗಾಲನ್ನು ಎಡಗಾಲಿನ ಹಿಂದೆ ಮರೆಮಾಡಿಕೊಂಡು ನಿಂತಿದ್ದರು. ಮರೆಮಾಡಿದ್ದು ಸಾಲದೆ, ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗಿಣುಕುತ್ತಿತ್ತು.

ವಕೀಲಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು. "ಬಾಯಿ ಮುಚ್ಕೊಂಡಿರು. ಸಾಕ್ಷಿ ಇಲ್ಲ."

"ಬರಿಗಾಲಲ್ಲಿ ನಿಂತಿದ್ದೀವಲ್ಲೇ."

"ಎಲ್ಲರೂ ನಿಂತಿದ್ದಾರೆ. ಅದೇ ನಮ್ಮ ಬಲ."

ವಾದವೇನೋ ಗಟ್ಟಿಯಾಗಿತ್ತು. ಆದರೆ ಅಷ್ಟರಲ್ಲಿ ಮೇಲ್ವಿಚಾರಕಿ, "ನಾಳೆಯಿಂದ ನೀವು ಗೇಟಿನ ಹತ್ರ ನಿಲ್ಲಿ, ಒಳಗೆ ಬರಬೇಡಿ," ಎಂದರು. ಕಾವಲುಗಾರನ ಮುಖ ಸಣ್ಣಗಾಯಿತು. ಹದಿನಾರು ವರ್ಷದಿಂದ ಆ ಒಂದೇ ಕೋಣೆಯನ್ನು ಕಾಯುತ್ತಿದ್ದನಂತೆ. ಬೇಸಿಗೆಯ ನನ್ನ ಎರಡು ತಿಂಗಳನ್ನು ಒಂದು ಸಲ ಕಣ್ಮುಂದೆ ತಂದುಕೊಂಡೆ, ಬೀಳ್ಕೊಟ್ಟೆ, ಕೈ ಎತ್ತಿದೆ.

"ಮೊದಲು ಬಿಟ್ಟಿದ್ದು ನಾನು ಮೇಡಂ. ಅವರದೇನೂ ತಪ್ಪಿಲ್ಲ."

"ಎರಡನೆಯವಳು ನಾನು," ಎಂದಳು ವಕೀಲಮ್ಮ. ಮರುಕ್ಷಣವೇ, "ಆದರೆ ಕೇಸು ನನ್ನ ಮೇಲೆ ನಿಲ್ಲಲ್ಲ," ಎಂದು ಸೇರಿಸಿದಳು.

ಹಾಸಿಗೆ ಬಟ್ಟೆ ಸಾಗಿಸುವ ಮೂರು ಗಾಡಿಗಳಲ್ಲಿ ಶೂಗಳು ಬಂದವು. ಜೋಡಿ ಹುಡುಕಿ ಕೊಡುವ ಶಿಕ್ಷೆ ನಮ್ಮಿಬ್ಬರಿಗೆ. ಒಂದು ಕಪ್ಪು ಶೂಗೆ ಇಬ್ಬರು ಅಜ್ಜಂದಿರು ಕಿತ್ತಾಡಿದರು. ಇಬ್ಬರಿಗೂ ತೊಡಿಸಿ ನೋಡಿದೆವು, ಇಬ್ಬರದೂ ಅಲ್ಲ. ಒಂದೂವರೆ ಗಂಟೆ ಹಿಡಿಯಿತು.

ಕೊನೆಗೆ ಮೇಲ್ವಿಚಾರಕಿ ನಮ್ಮನ್ನೆಲ್ಲ ಸಿಂಹಾಸನದ ಕೋಣೆಗೆ ಕರೆದರು. ಅಲ್ಲೊಬ್ಬ ವಯಸ್ಸಾದ ಹೆಂಗಸು ನೆಲಕ್ಕೆ ಕೆನ್ನೆ ತಾಗಿಸಿ, ಟಾರ್ಚು ಬಿಟ್ಟು ನೋಡುತ್ತಿದ್ದರು. ಅರಮನೆಯ ನೆಲಗಳೆಲ್ಲ ಅವರ ಉಸ್ತುವಾರಿಯಂತೆ. ನನ್ನ ಮೇಲಿನ ಕೊನೆಯ ಆರೋಪ ಇದೇ ಇರಬೇಕು ಎಂದುಕೊಂಡೆ.

"ಒಂದು ಗೀರಿಲ್ಲ," ಎಂದರು ಅವರು ಏಳುತ್ತಾ. "ಇಪ್ಪತ್ತಾರು ವರ್ಷದಲ್ಲಿ ಇಂಥ ದಿನ ನೋಡಿಲ್ಲ. ಹಿಮ್ಮಡಿ ಗುರುತಿಲ್ಲ, ಮರಳಿನ ಕಣವಿಲ್ಲ. ಇದು ಯಾರ ಕೆಲಸ?"

ಎಲ್ಲರ ಬೆರಳೂ ನನ್ನ ಕಡೆ ತಿರುಗಿದವು.

"ಬೇಸಿಗೆಗೆ ಇವಳನ್ನ ನನಗೆ ಕೊಡಿ."

ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. "ಕೊಡಬಹುದು. ಆದರೆ ಇವಳು ರಾಜರ ಬಗ್ಗೆ ತುಂಬಾ ಓದಿಕೊಂಡಿದ್ದಾಳೆ."

"ಪರವಾಗಿಲ್ಲ," ಎಂದರು ಆಕೆ. "ಮರೀತಾಳೆ."

ಮಾರನೆಯ ದಿನ ಮನೆಗೆ ಫೋನ್ ಮಾಡಿದೆ.

"ಅಮ್ಮಾ, ಇಡೀ ಕ್ಲಾಸಲ್ಲಿ ಅರಮನೆಗೆ ನನ್ನೊಬ್ಬಳನ್ನೇ ಆರಿಸಿದ್ರು."

"ನನಗೆ ಗೊತ್ತಿತ್ತು ಬಿಡು, ನನ್ನ ಮಗಳು ಅಂದ್ರೇನು. ಅಲ್ಲಿ ಏನು ಕೆಲಸನೇ?"

"ನೆಲಕ್ಕೆ ಮೇಣ ಹಚ್ಚಿ ಉಜ್ಜೋದು."

ಅಮ್ಮ ಕೂಡಲೇ ವಿವರಕ್ಕಿಳಿದಳು.

"ಉದ್ದ ಕೋಲು ಕೊಡ್ತಾರಾ, ಮಂಡಿ ಊರಬೇಕಾ?"

"ಮಂಡಿ ಊರಿ."

"ಹಾಗಾದ್ರೆ ವಿಡಿಯೋ ಕಳ್ಸು. ಬರೀ ಫೋಟೋ ಆದ್ರೆ, ಅಲ್ಲೇನೋ ಬಿದ್ದಿದ್ದನ್ನ ಹುಡುಕ್ತಿದ್ದಾಳೆ ಅಂತಾರೆ ನಿಮ್ಮಪ್ಪ."