ಆಷಾಢದಲ್ಲಿ ಅಪ್‌ಡೇಟ್

ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಹೇಳಿಕೊಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಯಾವಾಗ ಮಾಡಬೇಕೆಂದು ಹೇಳುವವರು ಮಾತ್ರ ಸಿಗುವುದಿಲ್ಲ. ನಾನು ಆಯುಷ್ಯವೆಲ್ಲ ಎಡವಿದ್ದು ಈ ‘ಯಾವಾಗ’ದಲ್ಲೇ. ನಾನು ಕೊಡೆ ಹಿಡಿದು ಹೊರಟ ದಿನ ಹೆಬ್ಬಾಳದಲ್ಲಿ ರಣಬಿಸಿಲು. ಹೆಂಡತಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿರುವ ಹೊತ್ತಿಗೇ ನನಗೆ ಎರಡನೇ ಕಾಫಿ ಕೇಳಬೇಕೆನಿಸುತ್ತದೆ. ಇಂಥವನ ಕೊರಳಿಗೆ ಒಂದು ಕಂಪ್ಯೂಟರನ್ನು, ಅದರೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟಿದರೆ ಏನಾಗಬೇಕೋ ಅದೇ ಆಯಿತು.

ರಾಜಾನುಕುಂಟೆಯ ಹತ್ತಿರ ಒಂದು ಕಲ್ಯಾಣ ಮಂಟಪಕ್ಕೆ ನಾನು ಮ್ಯಾನೇಜರು. ಮಾಲೀಕರ ಮನೆಯವರು ಹಿಂದೆ ಅದೇ ನೆಲದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರು. ಮಾಲೀಕರು ಈಗ ಲೇಔಟು, ಸೈಟು ಎಂದು ಓಡಾಡಿಕೊಂಡಿರುತ್ತಾರೆ. ಅವರ ತಾಯಿ ಅಕ್ಕಯ್ಯಮ್ಮ ದಿನಾ ಬೆಳಿಗ್ಗೆ ಬಂದು ಆಫೀಸಿನ ಫ್ಯಾನಿನ ಕೆಳಗೆ ಕೂತು ನನ್ನನ್ನು ನೋಡಿಕೊಳ್ಳುತ್ತಾರೆ. ನಮ್ಮ ಬುಕಿಂಗ್ ಸಾಫ್ಟ್‌ವೇರು ಬಹಳ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಆರ್.ಟಿ. ನಗರದಿಂದ ಬಂದ ಸುಧಾಕರ ಎಂಬ ರಿಪೇರಿಯವರು ಹೊಸ ಕಂಪ್ಯೂಟರಿನೊಳಗೇ ಹಳೆಯದೊಂದು ಕಂಪ್ಯೂಟರು ಇರುವಂತೆ ಮಾಡಿ, ಆ ಸಾಫ್ಟ್‌ವೇರನ್ನು ಅದರಲ್ಲಿ ಕೂರಿಸಿ ಹೋದರು. ಒಳಗಿನದನ್ನು ಅವರು ‘ಗೆಸ್ಟ್’ ಅನ್ನುತ್ತಾರೆ. ಗೆಸ್ಟ್ ಎಂದಮೇಲೆ ಉಪಚಾರ ಬೇಕಲ್ಲ, ಅದಕ್ಕೆಂದೇ ‘ಗೆಸ್ಟ್ ಟೂಲ್ಸ್’ ಎಂಬ ಸಣ್ಣ ತಂತ್ರಾಂಶವಿದೆ. ಹೊರಗಿನ ಮೌಸು, ಪ್ರಿಂಟರು, ಗಡಿಯಾರ ಎಲ್ಲವನ್ನೂ ಒಳಗಿನದಕ್ಕೆ ಒದಗಿಸುವುದು ಅದರ ಕೆಲಸ.

ವೈಶಾಖದ ಮದುವೆಗಳ ಭರಾಟೆಯಲ್ಲಿ ಪರದೆಯ ಮೂಲೆಯಲ್ಲಿ ಒಂದು ಹಳದಿ ತ್ರಿಕೋನ ಹುಟ್ಟಿಕೊಂಡಿತು: ಗೆಸ್ಟ್ ಟೂಲ್ಸ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ. ನಾನು ಸುಧಾಕರರಿಗೆ ಫೋನ್ ಮಾಡಿದೆ. “ಓಡ್ತಾ ಇದ್ಯಾ ಸಾರ್?” ಅಂದರು. ಓಡುತ್ತಿದೆ ಅಂದೆ. “ಹಂಗಾದ್ರೆ ಮುಟ್ಬೇಡಿ. ಹೊರಗಿನ ಕಂಪ್ಯೂಟರ್ ಅಪ್‌ಡೇಟ್ ಆಗಿ ಏನಾದ್ರೂ ನಿಂತ್ರೆ ಆವಾಗ ಮಾಡಿ. ಮಾಡೋಕ್ ಮುಂಚೆ ಒಂದು ಸ್ನ್ಯಾಪ್‌ಶಾಟ್ ತಗೊಳಿ, ಈಗಿರೋ ಸ್ಥಿತಿ ಹಂಗೇ ಉಳ್ಕೊಳುತ್ತೆ, ಎಡವಟ್ಟಾದ್ರೆ ಅಲ್ಲಿಗೇ ವಾಪಸ್ ಹೋಗ್ಬಹುದು. ಬುಕಿಂಗ್ ಇಲ್ದಿರೋ ಟೈಮ್ ನೋಡ್ಕೊಳಿ ಗುರುಗಳೇ.” ಬುಕಿಂಗ್ ಇಲ್ಲದ ಸಮಯ ಎಂದರೆ ಮಂಟಪದ ಪಾಲಿಗೆ ಆಷಾಢ. ಜ್ಯೇಷ್ಠ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡಿರೋಣ ಎಂದು ತ್ರಿಕೋನದ ಮೇಲೆ ಒಂದು ಚೂರು ಕಾಗದ ಅಂಟಿಸಿದೆ. ಕೊನೆಯ ಮದುವೆ ಮುಗಿದ ಮೇಲೆ ಒಳಗಿನ ಕಂಪ್ಯೂಟರನ್ನು ಆಫ್ ಮಾಡದೆ, ಇದ್ದ ಹಾಗೇ ತಡೆದು ನಿಲ್ಲಿಸಿಟ್ಟು ಮನೆಗೆ ಹೋದೆ.

ಆಷಾಢ ಬಂತು. ಮಂಟಪದಲ್ಲಿ ನಾನು, ಪಾರಿವಾಳಗಳು ಮತ್ತು ಅಕ್ಕಯ್ಯಮ್ಮ. “ಅಮ್ಮಾ, ಇವತ್ತು ಅಪ್‌ಡೇಟ್ ಮಾಡ್ತೀನಿ” ಅಂದೆ. “ಅಂಗಂದ್ರೆ?” ಅಂದರು. ಹೊಸದು ಹಾಕುವುದು ಅಂದೆ. “ಆಸಾಡದಾಗೆ ಯಾರಾನ ಒಸದು ಸುರು ಮಾಡ್ತಾರಾ? ಸ್ರಾವಣ ಬರ್ಲಿ.” ಶ್ರಾವಣ ಬಂದರೆ ನನಗೆ ಉಸಿರಾಡಲು ಬಿಡುವಿರುವುದಿಲ್ಲ. ಆದ್ದರಿಂದ ಮಾತು ಬದಲಿಸಿ, ಹೊಸದಲ್ಲಮ್ಮ, ರಿಪೇರಿ ಅಂದೆ. “ರಿಪೇರಿ ಅಂದ್ರೆ ಕೆಟ್ಟಿರ್ಬೇಕು. ಕೆಟ್ಟೈತಾ?” ಕೆಟ್ಟಿದೆ ಎಂದರೆ ಸಂಜೆಯೊಳಗೆ ಮಾಲೀಕರಿಗೆ ಸುದ್ದಿ ಹೋಗಿ, ನಿನ್ನ ಕೈಗೆ ಕೊಟ್ಟರೆ ಕೆಡದೆ ಏನಾಗುತ್ತೆ ಎಂಬ ಮಾತು ಬರುತ್ತದೆ. ಕೆಟ್ಟಿಲ್ಲ ಎಂದರೆ ಮುಟ್ಟುವಂತಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳೂ ಈ ಪ್ರಶ್ನೆಯಲ್ಲೇ ಒದ್ದಾಡುತ್ತಾರಂತೆ. ಅವರನ್ನು ಅಕ್ಕಯ್ಯಮ್ಮನಷ್ಟು ಚೆನ್ನಾಗಿ ಯಾರೂ ಹಿಡಿದು ನಿಲ್ಲಿಸಿರಲಾರರು. ನಾನು ಪೇಪರ್ ಬಿಚ್ಚಿ ಓದತೊಡಗಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಶೆಟ್ಟಿಹಳ್ಳಿಯ ಗಂಗಾಧರಯ್ಯ ಬೆವರೊರೆಸಿಕೊಳ್ಳುತ್ತ ಬಂದರು. ಶ್ರಾವಣದಲ್ಲಿ ಅವರ ಮಗಳ ಮದುವೆ. ಜ್ಯೇಷ್ಠದಲ್ಲೇ ನಮ್ಮ ಮಂಟಪ ಹಿಡಿದಿದ್ದರು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ರಸೀದಿ ಕಳೆದುಹೋಗಿತ್ತು. “ಬೀಗರು ಸಾಯಂಕಾಲ ಬರ್ತಾರೆ ಸಾರ್. ಮಂಟಪ ಸಿಕ್ಕಿರೋದಕ್ಕೆ ಕಾಗದ ನೋಡಿದ್ಮೇಲೇನೇ ಲಗ್ನಪತ್ರಿಕೆ ಪ್ರಿಂಟಿಗೆ ಕೊಡೋದಂತೆ. ಇಲ್ದಿದ್ರೆ ದಾಸರಹಳ್ಳೀಲಿ ಅವರೇ ಮಾಡ್ಕೋತಾರಂತೆ. ಹೆಣ್ಣಿನ ಕಡೆಯಿಂದ ನಾನೇ ಮಾಡಿಕೊಡ್ತೀನಿ ಅಂತ ಮಾತು ಕೊಟ್ಬಿಟ್ಟಿದೀನಿ ಕಣ್ರೀ. ಮಗಳ ಮುಂದೆ ತಲೆ ತಗ್ಗಿಸೋ ಹಂಗಾಗುತ್ತೆ.” ಅವರ ಧ್ವನಿ ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಅದಕ್ಕೇನಂತೆ, ಎರಡೇ ನಿಮಿಷ ಎಂದು ಕಂಪ್ಯೂಟರ್ ಹಾಕಿದೆ. ಹೊರಗಿನದು ಯಾವಾಗಲೋ ತಾನೇ ಅಪ್‌ಡೇಟ್ ಆಗಿ ಕೂತಿತ್ತು. ನಿಲ್ಲಿಸಿಟ್ಟಿದ್ದ ಒಳಗಿನದು ಎದ್ದಿತು, ಆದರೆ ಅದಕ್ಕೆ ಪ್ರಿಂಟರಿನ ಗುರುತೇ ಹತ್ತಲಿಲ್ಲ.

“ಈಗ ಕೆಟ್ಟಿದೆ ಅಮ್ಮಾ, ರಿಪೇರಿ ಮಾಡ್ಲೇಬೇಕು” ಅಂದೆ. ಅಕ್ಕಯ್ಯಮ್ಮ ಅಲ್ಲಾಡಲಿಲ್ಲ. “ನೀನೇ ಒಸದು ಅಂದಿದ್ದೆ. ಅದ್ರ ಮ್ಯಾಲೆ ಮದುವೆ ಕೆಲ್ಸ. ಆಸಾಡದಾಗೆ ಬ್ಯಾಡ.” ಗಂಗಾಧರಯ್ಯ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ, ಆಮೇಲೆ ಪರದೆ ನೋಡಿದರು. ಮೂಲೆಯ ತಾರೀಕಿನ ಮೇಲೆ ಬೆರಳಿಟ್ಟು, “ಇದೇನ್ ಸಾರ್, ಇನ್ನೂ ಜೂನ್ ಎರಡನೇ ವಾರದ ತಾರೀಕು ತೋರಿಸ್ತಾ ಇದೆ?” ಅಂದರು. ಆಗ ಹೊಳೆಯಿತು: ಗೆಸ್ಟ್ ಟೂಲ್ಸ್ ಕೆಲಸ ಮಾಡದೆ ಒಳಗಿನ ಗಡಿಯಾರ ನಾನು ನಿಲ್ಲಿಸಿದ ದಿನದಲ್ಲೇ ಉಳಿದಿತ್ತು. ಅಕ್ಕಯ್ಯಮ್ಮ ಕಣ್ಣು ಕಿರಿದು ಮಾಡಿ ಬೆರಳು ಮಡಿಸಿದರು. “ಅದು ಕಾರಹುಣ್ಣಿಮೆ ಆಸುಪಾಸು. ಅಂದ್ರೆ ಇದ್ರೊಳಗೆ ಇನ್ನೂ ಜೇಷ್ಟನಾ?” ಹೌದಮ್ಮ ಅಂದೆ. “ಆಸಾಡ ಬಂದೇ ಇಲ್ವಾ?” ಇಲ್ಲಮ್ಮ. ಅವರು ಸೆರಗು ಸರಿಮಾಡಿಕೊಂಡು, “ಅಂಗಾದ್ರೆ ಮಾಡು, ಅದಕ್ಕೇನು ದೋಸ” ಅಂದರು.

ಸ್ನ್ಯಾಪ್‌ಶಾಟ್ ತೆಗೆದು, ಮನೆದೇವರನ್ನು ನೆನೆದು ಒತ್ತಿದೆ. ಹಸಿರು ಪಟ್ಟಿ ತೆವಳುತ್ತಿದ್ದಷ್ಟು ಹೊತ್ತೂ ಗಂಗಾಧರಯ್ಯ ಮೇಜಿನ ಅಂಚು ಹಿಡಿದೇ ನಿಂತಿದ್ದರು. ಕಂಪ್ಯೂಟರು ಆಫ್ ಆಗಿ ಮತ್ತೆ ಎದ್ದಾಗ ತ್ರಿಕೋನ ಮಾಯವಾಗಿತ್ತು, ಪ್ರಿಂಟರು ಗುರ್ ಎಂದು ರಸೀದಿ ಉಗುಳಿತು. ನಾನು ಕಾಲರ್ ಎಳೆದುಕೊಂಡು ಅದನ್ನು ಅವರ ಕೈಗಿತ್ತೆ. ಅವರು ಓದಿ ಮೆಲ್ಲಗೆ ವಾಪಸು ಚಾಚಿದರು. “ಸಾರ್, ಇದ್ರಲ್ಲಿ ಇವತ್ತಿನ ತಾರೀಕು ಬಂದಿದೆ. ಆಷಾಢದಲ್ಲಿ ಮಂಟಪ ಹಿಡಿದ್ರಾ ಅಂತ ಬೀಗರು ಎದ್ದು ಹೋಗ್ತಾರೆ.” ಟೂಲ್ಸ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಗಡಿಯಾರವನ್ನು ಸರಿಪಡಿಸಿತ್ತು. ಸ್ನ್ಯಾಪ್‌ಶಾಟಿಗೆ ವಾಪಸು ಹೋದರೆ ಜ್ಯೇಷ್ಠ ಸಿಗುತ್ತದೆ, ಪ್ರಿಂಟರು ಸಿಗುವುದಿಲ್ಲ.

“ಕೈಯಲ್ಲಿ ಬರೆದುಕೊಟ್ರೆ ಆಗಲ್ವಾ ಸಾರ್?” ಎಂದರು ಗಂಗಾಧರಯ್ಯ, ಬಹಳ ಸಂಕೋಚದಿಂದ. ಮಂಟಪದ ಹೆಸರಿದ್ದ ಹಾಳೆ ತೆಗೆದು, ಇಂಥವರು ಜ್ಯೇಷ್ಠದ ಇಂಥ ದಿನ ಮಂಟಪ ಕಾಯ್ದಿರಿಸಿದ್ದು ನಿಜ ಎಂದು ಬರೆದು ಸೀಲು ಒತ್ತಿದೆ. ಎರಡೇ ನಿಮಿಷ ಹಿಡಿಯಿತು. ಅವರ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಬಾಗಿಲ ಹತ್ತಿರ ತಿರುಗಿ, “ಸೀಲು ಚೆನ್ನಾಗಿ ಬಿದ್ದಿದೆ ಸಾರ್, ಇದನ್ನೇ ಬಂದ ತಕ್ಷಣ ಕೊಟ್ಟಿದ್ರೂ ಆಗ್ತಿತ್ತು” ಎಂದು ನಕ್ಕು ಹೊರಟರು.

ಅವಮಾನ ಮರೆಯಲು ಏನಾದರೂ ಕೆಲಸ ಬೇಕಿತ್ತು. ಇನ್ನೇನಾದರೂ ಅಪ್‌ಡೇಟ್ ಉಳಿದಿದೆಯೇ ನೋಡೋಣ ಎಂದು ಮೌಸಿಗೆ ಕೈ ಹಾಕಿದೆ. ಅಕ್ಕಯ್ಯಮ್ಮ ಕೂತಲ್ಲಿಂದಲೇ ಗದರಿದರು: “ಕೈ ತೆಗಿ. ಈಗ ಅದಕ್ಕೂ ಆಸಾಡ ಬಂದೈತೆ.”